ಕೇಪಿನ ಸುತ್ತ ಎದ್ದ ಕಟ್ಟೆ

ಭಾನುವಾರ ಮಧ್ಯಾಹ್ನ ಖಾರ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದಾಗ ಅಳಿಯಂದಿರು ಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಟೀಪಾಯಿ ಮೇಲೆ ಬಿಚ್ಚಿದರು. ಐದು ಹಿತ್ತಾಳೆ ಕೊಳವೆ ಉರುಳಿ ಬಂದವು. ಬೆರಳುದ್ದ, ಮೇಲ್ಗಡೆ ಸೀಸೆಯ ಕುತ್ತಿಗೆಯ ಹಾಗೆ ಸಣ್ಣಗಾದವು, ಬಾಯಲ್ಲಿ ಸುಟ್ಟ ಕಪ್ಪು.

"ಅಯ್ಯ, ಮದ್ದುಗುಂಡು ಮನಿಯೊಳಗ್ಯಾಕ ತಂದ್ರಿ? ಪಕ್ಕದಾಗ ದೇವರ ಮನಿ ಐತಿ" ಅಂದಳು ನನ್ನ ಹೆಂಡತಿ.

"ಸುಟ್ಟುಹೋಗಿರೋವು ಅತ್ತೆ. ಬರೀ ಹಿತ್ತಾಳೆ ಈಗ" ಅಂದರು ಅಳಿಯ. ಆಮೇಲೆ ನನ್ನ ಕಡೆ ತಿರುಗಿ, "ಮಾವ, ಲೋಹದ ಮೇಲಿನ ಗೀರು ನೋಡಿ ಯಾವ ಮಿಷಿನ್ನು ಕಡೆದದ್ದು ಅಂತ ಹೇಳ್ತೀರಲ್ಲ, ಇದನ್ನ ಓದಿ ನೋಡೋಣ" ಅಂದರು.

ಮಗಳನ್ನು ಕೊಟ್ಟದ್ದು ಕೊಡಗಿಗೆ. ಆ ಮನೆಯಲ್ಲಿ ಕೋವಿ ದೇವರ ಸಮ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ನಮ್ಮ ಕಡೆ ಬೇಲಿ ಮೇಲೆ ಹಬ್ಬುವ, ಕೆಂಪು ಹಳದಿ ಬೆಂಕಿಯಂಥ ಹೂ ಇದೆಯಲ್ಲ, ಅದೇ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು, ಇದು ಅಲ್ಲಿಯ ಹಳೆಯ ಪದ್ಧತಿ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಅನ್ನುವ ಹಳೆಯ ಭೂಹಕ್ಕಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆ ವಿನಾಯಿತಿ ಪತ್ರದ ಮೇಲೇ ಅಳಿಯಂದಿರು ಹಿಂದಿನ ವರ್ಷ ಹೊಸ ರೈಫಲ್ ಕೊಂಡಿದ್ದರು. ರೈಫಲ್ ಕೊಡಗಿನ ಮನೆಯಲ್ಲೇ ಇತ್ತು. ದಾವಣಗೆರೆಗೆ ಬಂದದ್ದು ರೇಂಜಿನಲ್ಲಿ ಗುರಿ ಹೊಡೆದು ಉಳಿದ ಐದು ಖಾಲಿ ಕೇಸು ಮಾತ್ರ.

ನನ್ನ ಬಗ್ಗೆ ಒಂದು ಮಾತು. ನಾನು ಕೋವಿ ಹಿಡಿದವನಲ್ಲ. ಹರಿಹರದಲ್ಲಿ ಟೂಲ್ ರೂಮ್ ಕೆಲಸ ಕಲಿತವನು. ಆ ಊರಿನ ಯಂತ್ರಪುರ ಅನ್ನುವ ಹೆಸರೇ ಹೇಳುತ್ತದೆ ಅಲ್ಲಿ ಏನಿತ್ತು ಅಂತ. 1941ರಿಂದ ಮೈಸೂರು ಕಿರ್ಲೋಸ್ಕರ್ ಲೇಥು ತಯಾರಿಸುತ್ತಿದ್ದ ಜಾಗ ಅದು. ಕಾರ್ಖಾನೆ ಈಗಿಲ್ಲ, ಅದರ ಲೇಥುಗಳು ದೇಶದ ತುಂಬ ಇನ್ನೂ ತಿರುಗುತ್ತಿವೆ. ನನ್ನ ಶೆಡ್ಡಿನಲ್ಲೂ ಒಂದಿದೆ, ಸೆಕೆಂಡ್ ಹ್ಯಾಂಡ್ ತಂದದ್ದು. ಮೂವತ್ತು ಚಿಲ್ಲರೆ ವರ್ಷ ಲೋಹ ಕಡೆದವನಿಗೆ ಗುಂಡಿನ ವಿದ್ಯೆ ಗೊತ್ತಿರಬೇಕಿಲ್ಲ. ಗೀರು ಗೊತ್ತಿರುತ್ತದೆ. ಟೂಲು ಮೊಂಡಾದಾಗ ಬೀಳುವ ಗೀರು ಒಂದು ಥರ, ಫೀಡು ಹೆಚ್ಚಾದಾಗ ಬೀಳುವುದು ಇನ್ನೊಂದು, ಬರ್ರು ಉಳಿದು ಕೆರೆದದ್ದು ಬೇರೆಯೇ.

ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹತ್ತುಪಟ್ಟು ದೊಡ್ಡದು ಮಾಡುವ ಗಾಜು, ಅಂಥದೊಂದು ನನ್ನ ಹತ್ತಿರ ಇದೆ. ಕಿಟಕಿ ಬೆಳಕಿಗೆ ಹೋಗಿ ಮೊದಲನೇ ಕೇಸಿನ ತಳ ನೋಡಿದೆ.

ತಳದ ನಡುವೆ ಕಡಲೆಬೇಳೆಯಷ್ಟು ಅಗಲದ ಬಟ್ಟಲೊಂದು ಬಿಗಿಯಾಗಿ ಕೂತಿರುತ್ತದೆ. ಅಡ್ಡಳತೆ ಸುಮಾರು 5.3 ಮಿಲಿಮೀಟರ್. ಕಂಪನಿಯವರು ಪ್ರೈಮರ್ ಅನ್ನುತ್ತಾರೆ, ಹಳೇ ಶಿಕಾರಿಯವರ ಬಾಯಲ್ಲಿ ಕೇಪು. ಇಡೀ ತೋಟಾದಲ್ಲಿ ಏಟಿಗೆ ಕೆರಳುವ ವಸ್ತು ಇರುವುದು ಅಲ್ಲಿ ಮಾತ್ರ. ಸೀಸದ ಸಂಯುಕ್ತವೊಂದು, ಬೇರಿಯಂ ನೈಟ್ರೇಟು, ಆಂಟಿಮನಿ ಸಲ್ಫೈಡು ಬೆರೆಸಿದ ಚಿಟಿಕೆ ಮದ್ದು. ಟ್ರಿಗರ್ ಎಳೆದಾಗ, ತೋಟಾದ ಹಿಂಬದಿ ಮುಚ್ಚುವ ಬೋಲ್ಟಿನ ಒಳಗಿನ ಫೈರಿಂಗ್ ಪಿನ್, ಅಂದರೆ ಉಕ್ಕಿನ ಒಂದು ಮೊಂಡು ಮೊಳೆ, ಬೋಲ್ಟಿನ ಮುಖದ ತೂತಿನಿಂದ ಹೊರಬಂದು ಆ ಬಟ್ಟಲಿಗೆ ಹೊಡೆಯುತ್ತದೆ. ಮದ್ದು ಕಿಡಿಯಾಗುತ್ತದೆ, ಕಿಡಿ ಒಳಗಿನ ಪುಡಿಗೆ ಹಿಡಿಯುತ್ತದೆ, ಪುಡಿ ಅನಿಲವಾಗಿ ಗುಂಡನ್ನು ದೂಡುತ್ತದೆ. ಖಾಲಿ ಕೇಪಿನ ನಡುವೆ ನಯವಾದ ಒಂದು ಗುಳಿ ಉಳಿಯುತ್ತದೆ, ರೊಟ್ಟಿ ಹಿಟ್ಟಿಗೆ ಬೆರಳು ಒತ್ತಿದ ಹಾಗೆ. ಆರೋಗ್ಯವಂತ ರೈಫಲಿನ ಕೇಪು ಹೀಗಿರುತ್ತದೆ.

ಇವು ಹಾಗಿರಲಿಲ್ಲ. ಗುಳಿಯ ಸುತ್ತ ಲೋಹ ಮೇಲಕ್ಕೆದ್ದು ಬಾವಿಯ ಕಟ್ಟೆಯ ಹಾಗೆ ಒಂದು ಬಳೆ ಕಟ್ಟಿತ್ತು. ಉಗುರು ಎಳೆದರೆ ತಡೆಯುವಷ್ಟು ಎತ್ತರ. ಗುಳಿ ನಡುಮಧ್ಯದಲ್ಲೂ ಇರಲಿಲ್ಲ, ಒಂದು ಬದಿಗೆ ಸರಿದಿತ್ತು. ಉಳಿದ ಚಪ್ಪಟೆ ಜಾಗದ ತುಂಬ ನೇಗಿಲ ಸಾಲಿನಂತೆ ಒಂದೇ ದಿಕ್ಕಿನ ಸಣ್ಣ ಗೀರುಗಳು, ಅವುಗಳ ನಡುವೆ ಒಂದು ಮಾತ್ರ ಆಳವಾದದ್ದು.

"ರೇಂಜಿನಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳಿದರು ಮಾವ. ಒಬ್ಬರು ಮದ್ದು ಜಾಸ್ತಿ ಅಂದರು, ಇನ್ನೊಬ್ಬರು ಹೊಸ ಗನ್ನಿಗೆ ಇದೆಲ್ಲ ಮಾಮೂಲು ಅಂದರು."

ಇಬ್ಬರ ಮಾತಿಗೂ ಆಧಾರ ಇದೆ, ತೊಂದರೆ ಇರುವುದೇ ಅಲ್ಲಿ. ಒಂದೇ ಗುರುತಿಗೆ ಹಲವು ಕಾರಣ. ಜ್ವರ ಬಂದರೆ ಮಲೇರಿಯಾನೋ ನೆಗಡಿಯೋ ಅಂತ ಜ್ವರ ಒಂದರಿಂದ ಗೊತ್ತಾಗುವುದಿಲ್ಲವಲ್ಲ, ಹಾಗೆ.

ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಳಿಯಂದಿರ ರೈಫಲ್ ಥರ್ಟಿ-ನಾಟ್-ಸಿಕ್ಸ್. 0.30 ಇಂಚು ನಳಿಗೆಯ ಲೆಕ್ಕ, 06 ಅಂದರೆ 1906. ಅಮೆರಿಕದ ಸೈನ್ಯ ಆ ತೋಟಾವನ್ನು ಒಪ್ಪಿಕೊಂಡ ವರ್ಷ. ಕಾರಿನ ಟೈರಿಗೆ ಬಂಕಿನಲ್ಲಿ 30 ಪಿ.ಎಸ್.ಐ. ಗಾಳಿ ಹಾಕಿಸುತ್ತೀರಲ್ಲ, ಅದೇ ಅಳತೆಯಲ್ಲಿ ಈ ತೋಟಾದ ಒತ್ತಡ ಏರಬಹುದಾದ ಮಿತಿ 60,000. ಟೈರಿನ ಎರಡು ಸಾವಿರ ಪಟ್ಟು. ನಮ್ಮ ಕಡೆ ತೋಟದ ಮನೆಗಳಲ್ಲಿ ಇರುವ ಹನ್ನೆರಡು ಬೋರಿನ ಚರೆ ತೋಟಾದ್ದು ಇದರ ಐದನೇ ಒಂದು ಭಾಗಕ್ಕೂ ಕಡಿಮೆ. ಜೋಡು ನಳಿಗೆ ಕೋವಿಯ ಅನುಭವ ಇಟ್ಟುಕೊಂಡು ರೈಫಲಿನ ಬಗ್ಗೆ ತೀರ್ಪು ಕೊಡುವವರು ಈ ಅಂತರ ಮರೆತಿರುತ್ತಾರೆ.

ಪಿನ್ ಹೊಡೆದ ಏಟಿಗೆ ತೋಟಾ ಮೊದಲು ಒಂದು ಕೂದಲೆಳೆ ಮುಂದಕ್ಕೆ ಸರಿಯುತ್ತದೆ. ಕೇಪಿನ ಮದ್ದು ಸಿಡಿದಾಗ ಕೇಪೇ ಹಿಂದಕ್ಕೆ ಜಾರಿ ಬೋಲ್ಟಿನ ಮುಖಕ್ಕೆ ಆತುಕೊಳ್ಳುತ್ತದೆ. ಪುಡಿ ಪೂರ್ತಿ ಹತ್ತಿಕೊಂಡು ಒತ್ತಡ ಏರಿದಾಗ ಇಡೀ ಹಿತ್ತಾಳೆ ಕೇಸು ಹಿಂದಕ್ಕೆ ಬಂದು ಬೋಲ್ಟಿಗೆ ಗುದ್ದಿ, ಕೇಪನ್ನು ಅದರ ಗೂಡಿಗೆ ಮತ್ತೆ ದೂಡುತ್ತದೆ. ಎಲ್ಲ ಮುಗಿಯುವುದು ಒಂದೆರಡು ಮಿಲಿಸೆಕೆಂಡಿನಲ್ಲಿ. ಆ ಹೊತ್ತಿನಲ್ಲಿ ಮೆದು ಲೋಹದ ಕೇಪು ಗಟ್ಟಿ ಉಕ್ಕಿನ ಮುಖಕ್ಕೆ ಒತ್ತಿಕೊಂಡಿರುತ್ತದೆ. ಅಚ್ಚಿಗೆ ಅರಗು ಒತ್ತಿದ ಹಾಗೆ, ಬೋಲ್ಟಿನ ಮುಖದ ಮೇಲೆ ಏನಿದೆಯೋ ಅದೆಲ್ಲ ಕೇಪಿನ ಮೇಲೆ ತಿರುವುಮುರುವಾಗಿ ಬೀಳುತ್ತದೆ. ಉಕ್ಕಿನ ಆಸರೆ ಇಲ್ಲದ ಒಂದೇ ಜಾಗ ಪಿನ್ನು ಬರುವ ತೂತು. ಪಿನ್ನಿಗೂ ತೂತಿಗೂ ನಡುವೆ ಸಂದಿ ಜಾಸ್ತಿ ಇದ್ದರೆ ಲೋಹ ಆ ಸಂದಿಗೆ ನುಗ್ಗುತ್ತದೆ. ಹಾಗೆ ಎದ್ದದ್ದೇ ಕಟ್ಟೆ.

ಕಟ್ಟೆ ಏಳುವುದಕ್ಕೆ ಹಾಗಾದರೆ ಎರಡು ದಾರಿ ಇವೆ. ಒತ್ತಡ ಮಿತಿ ಮೀರಿ, ಸರಿಯಾದ ಸಂದಿಯಲ್ಲೂ ಲೋಹ ನುಗ್ಗಿರಬಹುದು. ಅಥವಾ ಒತ್ತಡ ಸರಿಯಾಗಿದ್ದು ತೂತೇ ದೊಡ್ಡದಿರಬಹುದು, ಇಲ್ಲವೇ ತೂತಿನ ಅಂಚಿಗೆ ಚೇಂಫರ್ (ಓರೆ ಕಡೆತ) ಜಾಸ್ತಿ ಬಿದ್ದಿರಬಹುದು. ಮೊದಲನೆಯದು ಪ್ರಾಣಕ್ಕೆ ಕುತ್ತು. ಎರಡನೆಯದು ಕೆಲಸಗಾರನ ತಪ್ಪು. ಕೇಪನ್ನು ಮಾತ್ರ ನೋಡಿ ಇವೆರಡನ್ನೂ ಬೇರೆ ಮಾಡಲಿಕ್ಕೆ ಆಗದು. ಸುತ್ತಮುತ್ತಲಿನ ಸಾಕ್ಷಿ ಬೇಕು.

ಅಳಿಯಂದಿರನ್ನು ಕೂರಿಸಿಕೊಂಡು ವಿಚಾರಣೆ ಶುರು ಮಾಡಿದೆ. ಗುಂಡು ಹಾರಿದ ಮೇಲೆ ಬೋಲ್ಟು ಎತ್ತಲಿಕ್ಕೆ ಬಿಗಿಯಾಯಿತಾ? ಇಲ್ಲ, ಹಗುರವಾಗಿಯೇ ಬಂತು. ತೋಟಾ ಯಾವುದು? ಅಂಗಡಿಯಿಂದ ತಂದ ಪೆಟ್ಟಿಗೆ, ಸೀಲು ಒಡೆದದ್ದು ಅವತ್ತೇ. ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟಿದ್ದರಾ? ಇಲ್ಲ. ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಪುಡಿ ಬಿಸಿಯಾದಷ್ಟೂ ಒತ್ತಡ ಏರುತ್ತದೆ, ನಮ್ಮ ದಾವಣಗೆರೆಯ ಮೇ ತಿಂಗಳಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಆಮೇಲೆ ಕೇಸಿನ ತಳವನ್ನೇ ಮತ್ತೆ ನೋಡಿದೆ. ಒತ್ತಡ ಮಿತಿ ಮೀರಿದ್ದರೆ ಹಿತ್ತಾಳೆಯೇ ಬೋಲ್ಟಿನಲ್ಲಿ ಖಾಲಿ ಕೇಸನ್ನು ಹೊರದೂಡುವ ಎಜೆಕ್ಟರಿನ ತೂತಿಗೆ ನುಗ್ಗಿ, ತಳದ ಅಕ್ಷರಗಳ ಮೇಲೆ ಹೊಳೆಯುವ ಚಂದ್ರನಂಥ ಗುರುತು ಬೀಳುತ್ತದೆ. ಇರಲಿಲ್ಲ. ಕೇಪಿನ ಅಂಚು ಹೊಸದರಲ್ಲಿ ಗುಂಡಗೆ ಇರುತ್ತದೆ, ಕೇಪಿಗೂ ಗೂಡಿಗೂ ನಡುವೆ ಒಂದು ಸಣ್ಣ ಕಾಲುವೆ ಕಾಣುತ್ತದೆ. ಒತ್ತಡ ಹೆಚ್ಚಾದರೆ ಕೇಪು ಚಪಾತಿಯಾಗಿ ಆ ಕಾಲುವೆ ಮುಚ್ಚಿಹೋಗುತ್ತದೆ. ಇಲ್ಲಿ ಕಾಲುವೆ ಹಾಗೇ ಇತ್ತು. ಕೇಪಿನ ಸುತ್ತ ಮಸಿ ಸೋರಿದ ಕಪ್ಪು ವರ್ತುಲವೂ ಇರಲಿಲ್ಲ.

ಚಪ್ಪಟೆಯಾದ ಕೇಪನ್ನು ಕಂಡ ಕೂಡಲೇ 'ಮದ್ದು ಜಾಸ್ತಿ' ಅನ್ನುವುದೂ ಅವಸರದ ಮಾತೇ. ತೋಟಾ ಕೂರುವ ಕೋಣೆಯ ಉದ್ದ ಹೆಚ್ಚಿದ್ದರೂ ಕೇಪು ಚಪ್ಪಟೆಯಾಗುತ್ತದೆ. ಹಿಂದಕ್ಕೆ ಜಾರಿದ ಕೇಪು, ಕೇಸು ಹಿಂದೆ ಬರುವುದರೊಳಗೆ ಹೊರಗೆ ಉಬ್ಬಿರುತ್ತದೆ. ಆಮೇಲೆ ಕೇಸು ಬಂದು ಗುದ್ದಿದಾಗ ರಿವೆಟ್ ತಲೆಯ ಹಾಗೆ ಅಗಲವಾಗುತ್ತದೆ. ಕೋಣೆಯ ಈ ಉದ್ದಕ್ಕೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಅದನ್ನು ನೋಡಲಿಕ್ಕೆ ನಮ್ಮ ಟೂಲ್ ರೂಮಿನ ಗೋ, ನೋ-ಗೋ ಗೇಜುಗಳ ಥರದ್ದೇ ಗೇಜು ಇವೆ. ಒಂದರ ಮೇಲೆ ಬೋಲ್ಟು ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ ಪತ್ರಿಕೆಯ ಒಂದೆರಡು ಹಾಳೆಯ ದಪ್ಪದಷ್ಟು. ಅಷ್ಟರಲ್ಲಿ ರೈಫಲಿನ ಯೋಗ್ಯತೆ ತೀರ್ಮಾನವಾಗುತ್ತದೆ. ಕಣ್ಣಳತೆಯಲ್ಲಿ ಹೇಳುವ ವಿಷಯವಲ್ಲ, ಹೇಳುವವರ ಮಾತು ಕೇಳಲೂಬಾರದು.

ಇನ್ನು ಗೀರುಗಳು. ನನಗೆ ಖುಷಿ ಕೊಟ್ಟದ್ದು ಇವು. ಐದೂ ಕೇಸುಗಳನ್ನು ಟೀಪಾಯಿ ಮೇಲೆ ತಳ ಮೇಲಾಗಿ ನಿಲ್ಲಿಸಿ, ಆ ಆಳವಾದ ಒಂದು ಗೀರು ಎಲ್ಲದರಲ್ಲೂ ಎಡಗಡೆ ಬರುವ ಹಾಗೆ ಒಂದೊಂದನ್ನೇ ತಿರುಗಿಸಿದೆ. ತೋಟಾ ದುಂಡಗಿನ ವಸ್ತು, ಯಾವ ದಿಕ್ಕಿಗಾದರೂ ಕೂತಿರಬಹುದು, ಅದರ ಮೇಲೆ 'ಮೇಲೆ', 'ಕೆಳಗೆ' ಅಂತ ಬರೆದಿರುವುದಿಲ್ಲ. ಬೋಲ್ಟಿನ ಗೀರು ಮಾತ್ರ ಜಾಗ ಬಿಡುವುದಿಲ್ಲ. ಅದು ಅಚ್ಚಾಗಿರುವುದರಿಂದ ಅದೇ ನಮ್ಮ ದಿಕ್ಸೂಚಿ. ಐದನ್ನೂ ಹೊಂದಿಸಿ ನಿಲ್ಲಿಸಿದಾಗ ಐದರಲ್ಲೂ ಗುಳಿ ಒಂದೇ ಬದಿಗೆ, ಒಂದೇ ಅಳತೆಗೆ ಸರಿದಿತ್ತು. ಕೋಣೆಯಲ್ಲಿ ತೋಟಾ ಅಲುಗಾಡಿ ಗುಳಿ ಸರಿದಿದ್ದರೆ ಒಂದೊಂದರಲ್ಲಿ ಒಂದೊಂದು ಕಡೆ ಇರಬೇಕಿತ್ತು. ಇದು ಬೋಲ್ಟಿನಲ್ಲಿ ತೂತು ಕೊರೆಯುವಾಗಲೇ ಆದದ್ದು.

ವರ್ನಿಯರ್ ತಂದು ಅಳೆದೆ. ಗುಳಿಯ ಅಗಲ 1.9 ಮಿಲಿಮೀಟರ್, ಕಟ್ಟೆಯ ಹೊರ ಅಂಚು 2.4. ಅರ್ಧ ಮಿಲಿಮೀಟರ್ ವ್ಯತ್ಯಾಸ. ನನ್ನ ಕೈಕೆಳಗಿನ ಹುಡುಗ ಪಿನ್ನಿಗೂ ತೂತಿಗೂ ಇಷ್ಟು ಸಡಿಲ ಬಿಟ್ಟಿದ್ದರೆ ಅವನ ಕೈಯಲ್ಲೇ ಮತ್ತೆ ಮಾಡಿಸುತ್ತಿದ್ದೆ. ಇಷ್ಟು ದುಡ್ಡು ಇಸಕೊಂಡು ಮುಖದ ಟೂಲ್ ಮಾರ್ಕನ್ನೂ ಉಜ್ಜದೆ ಕಳಿಸಿದ್ದಾರೆ. ಕಂಪನಿಯ ಹೆಸರು ಇಲ್ಲಿ ಬೇಡ.

"ಹಾಗಾದರೆ ಗಾಬರಿ ಇಲ್ವಾ ಮಾವ?"

"ಗಾಬರಿ ಬೇಡ್ರಿ. ಆದ್ರ ಆರನೇ ಗುಂಡೂ ಬೇಡ."

ಕಾರಣ ಹೇಳಿದೆ. ಕಟ್ಟೆ ಎದ್ದಿದೆ ಅಂದರೆ ಅಲ್ಲಿ ಲೋಹ ತೆಳುವಾಗಿದೆ. ಇವತ್ತು ತಡೆದುಕೊಂಡ ಕೇಪು ನಾಳೆ ತಡೆಯದೆ ಇರಬಹುದು. ಕೇಪು ತೂತಾದರೆ ಒಳಗಿನ ಅನಿಲ ಪಿನ್ನಿನ ದಾರಿಯಲ್ಲೇ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ಬರುತ್ತದೆ. ರೈಫಲ್ ಮಾಡುವವರು ಆ ಅನಿಲಕ್ಕೆ ಪಕ್ಕಕ್ಕೆ ಹೋಗುವ ತೂತು ಬಿಟ್ಟಿರುತ್ತಾರೆ ನಿಜ, ಆದರೂ ರೇಂಜಿನಲ್ಲಿ ಕಣ್ಣಿಗೆ ಕನ್ನಡಕ ಹಾಕಿಸುವುದಕ್ಕೆ ಇದೂ ಒಂದು ಕಾರಣ. ಎಮರಿ ಕಾಗದ ತಂದು ಬೋಲ್ಟಿನ ಮುಖ ನಾವೇ ಉಜ್ಜಿಬಿಡೋಣ ಅಂದರು ಅಳಿಯಂದಿರು. ಶೆಡ್ಡಿನಲ್ಲಿ ಎಮರಿ ಇತ್ತು, ಲೇಥೂ ಇತ್ತು, ಕೈಯೂ ತುರಿಸಿತು ಅಂತಲೇ ಹೇಳಬೇಕು. ಬೇಡ ಅಂದೆ. ಮುಖದಿಂದ ತೆಗೆದ ಒಂದೊಂದು ಎಳೆಯೂ ಹೆಡ್‌ಸ್ಪೇಸಿಗೆ ಸೇರುತ್ತದೆ. ಜೊತೆಗೆ ಕೋವಿಯ ಕೆಲಸ ಮಾಡಲಿಕ್ಕೆ ಲೈಸೆನ್ಸು ಬೇಕು, ನನ್ನ ಹತ್ತಿರ ಇರುವುದು ಲೇಥು ಮಾತ್ರ.

ಜೋಡು ನಳಿಗೆ ಕೋವಿ ಇರುವವರು ಓದುತ್ತಿದ್ದರೆ ಅವರಿಗೊಂದು ಮಾತು. ನಿಮ್ಮ ಖಾಲಿ ತೋಟಾದ ಕೇಪಿನಲ್ಲಿ ಗುಳಿಗೆ ಬಾಲ ಬಂದಿದ್ದರೆ, ಗೊದಮೊಟ್ಟೆಯ ಆಕಾರ ಆಗಿದ್ದರೆ, ಪಿನ್ನು ಹಿಂದಕ್ಕೆ ಸರಿಯುವುದರೊಳಗೆ ನೀವು ನಳಿಗೆ ಮಡಿಸಿದ್ದೀರಿ, ಅದು ಎಳೆದುಕೊಂಡು ಬಂದಿದೆ ಅಂತ. ಸಾಮಾನ್ಯವಾಗಿ ಸ್ಪ್ರಿಂಗು ಸೋತಿರುತ್ತದೆ, ಇಲ್ಲವೇ ಪಿನ್ನಿಗೆ ಹಳೇ ಎಣ್ಣೆ ಗಟ್ಟಿಯಾಗಿ ಅಂಟಿರುತ್ತದೆ. ಗುಳಿ ತೀರ ಮೇಲ್ಮೇಲೆ ಇದ್ದು ತೋಟಾ ಹಾರದೇ ಉಳಿದರೂ ಮೊದಲು ಸಂಶಯ ಪಡಬೇಕಾದದ್ದು ಇವೆರಡನ್ನೇ. ಹಾರದ ತೋಟಾವನ್ನು ತಕ್ಷಣ ತೆಗೆಯಬೇಡಿ, ನಳಿಗೆಯನ್ನು ಆಚೆ ಕಡೆ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ. ಕೆಲವು ತಡವಾಗಿ ಹಾರುತ್ತವೆ.

ಬೇಟೆಯ ರೈಫಲ್ ಅನ್ನುವ ಹೆಸರು ಅಂಗಡಿಯಲ್ಲಿ ಮಾತ್ರ ಉಳಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಮುಗಿಯಿತು. ನಮ್ಮದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿಯೇ ಅಭಯಾರಣ್ಯ ಇದೆ, ನಾಲ್ಕು ಕೊಂಬಿನ ಆ ನಾಚಿಕೆ ಪ್ರಾಣಿಗೆ ಅಷ್ಟಾದರೂ ನೆಮ್ಮದಿ ಸಿಕ್ಕಿತು. ಈಗ ಕೋವಿ ಇರುವುದು ಗುರಿಗೆ, ಬೆಳೆ ಕಾಯುವುದಕ್ಕೆ, ಕೊಡಗಿನಲ್ಲಿ ಪೂಜೆಗೆ. ಚುನಾವಣೆ ಬಂತೆಂದರೆ ಎಷ್ಟೋ ಕೋವಿಗಳು ಠಾಣೆಯಲ್ಲಿ ಹೋಗಿ ಮಲಗುತ್ತವೆ.

ಹೊಸ ರೈಫಲಿನ ಟೂಲ್ ಮಾರ್ಕು ಕೇಪಿನ ಮೇಲೆ ಅಚ್ಚಾಗುವುದು ನನ್ನಂಥವನಿಗೆ ಕೆಲಸಗಾರನ ದೋಷವಾಗಿ ಕಾಣುತ್ತದೆ. ಆದರೆ ಇದೇ ಅಚ್ಚಿನ ಮೇಲೆ ಒಂದು ವಿಜ್ಞಾನವೇ ನಿಂತಿದೆ. ಒಂದು ಕೋವಿಯ ಬೋಲ್ಟಿನ ಮುಖ ಇನ್ನೊಂದರ ಹಾಗಿರುವುದಿಲ್ಲ, ಏಕೆಂದರೆ ಒಂದು ತುಂಡು ಕಡೆಯುವಷ್ಟರಲ್ಲಿ ಟೂಲಿನ ಬಾಯಿ ಸ್ವಲ್ಪ ಸವೆದಿರುತ್ತದೆ. ಹಾಗಾಗಿ ಬಿದ್ದಿರುವ ಖಾಲಿ ತೋಟಾ ಸಿಕ್ಕರೆ ಅದು ಯಾವ ಕೋವಿಯದೆಂದು ಹೇಳಬಹುದು ಅನ್ನುವ ವಾದ. ಅಮೆರಿಕದಲ್ಲಿ ಕಾಲ್ವಿನ್ ಗೊಡಾರ್ಡ್ ಮತ್ತು ಅವರ ಜೊತೆಗಾರರು 1920ರ ದಶಕದಲ್ಲಿ ಎರಡು ಸೂಕ್ಷ್ಮದರ್ಶಕಗಳನ್ನು ಒಂದೇ ಕಣ್ಣಿಗೆ ಜೋಡಿಸಿ, ಎರಡು ತೋಟಾಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಪದ್ಧತಿಯನ್ನು ಈ ಕೆಲಸಕ್ಕೆ ತಂದರು. 1929ರ ಫೆಬ್ರವರಿ 14ರಂದು ಶಿಕಾಗೊದಲ್ಲಿ ಏಳು ಜನರನ್ನು ಗುಂಡಿಕ್ಕಿ ಕೊಂದಾಗ, ಯಾವ ಕೋವಿಗಳಿಂದ ಅಂತ ಗೊಡಾರ್ಡ್ ತೋರಿಸಿದ್ದು ಹೀಗೆಯೇ. ನಮ್ಮ ಸುಪ್ರೀಂ ಕೋರ್ಟು ಕೂಡ ಕಲುವಾ ಮತ್ತು ಉತ್ತರ ಪ್ರದೇಶ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಸತ್ತವನ ಮಂಚದ ಬಳಿ ಸಿಕ್ಕ ತೋಟಾದ ಗುರುತು ನಾಡಪಿಸ್ತೂಲಿನ ಗುರುತಿಗೆ ತಾಳೆಯಾದದ್ದನ್ನು ಒಪ್ಪಿಕೊಂಡಿತು. 1958ರ ಕಾನೂನು ವರದಿಗಳಲ್ಲಿ ಅದು ಅಚ್ಚಾಗಿದೆ.

ಕನ್ನಡಿಗರಿಗೆ ಇದು ದೂರದ ಕಥೆಯಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು. ನಡುವೆ ಎರಡು ವರ್ಷ, ನಾನೂರು ಕಿಲೋಮೀಟರು. ಎರಡೂ ಕಡೆ ಸಿಕ್ಕ ಗುಂಡು ಮತ್ತು ಖಾಲಿ ತೋಟಾಗಳನ್ನು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಹೋಲಿಸಿ ನೋಡಿತು, 7.65 ಮಿಲಿಮೀಟರಿನ ಒಂದೇ ನಾಡಪಿಸ್ತೂಲಿನಿಂದ ಹಾರಿದವು ಅಂತ ಆ ವರದಿಯ ಆಧಾರದ ಮೇಲೆ ವಿಶೇಷ ತನಿಖಾ ತಂಡ ಹೇಳಿತು. ಎರಡು ಊರಿನ ಎರಡು ಸಾವುಗಳನ್ನು ಒಂದೇ ದಾರದಲ್ಲಿ ಕಟ್ಟಿದ್ದು ಉಗುರಿನಷ್ಟು ಹಿತ್ತಾಳೆಯ ಮೇಲಿನ ಗೀರು. ಆ ಸುದ್ದಿ ಪತ್ರಿಕೆಯಲ್ಲಿ ಓದಿದ ದಿನ ನಾನು ಶೆಡ್ಡಿನಲ್ಲಿ ಒಂದು ಬುಷ್ ಕಡೆಯುತ್ತಿದ್ದೆ. ಲೇಥು ನಿಲ್ಲಿಸಿ ಸುಮ್ಮನೆ ಸ್ವಲ್ಪ ಹೊತ್ತು ಆ ಬುಷ್ಷಿನ ಮೇಲಿನ ಗೀರನ್ನೇ ನೋಡಿದೆ. ನಾಡಪಿಸ್ತೂಲು ಅಂದರೆ ಯಾವುದೋ ಶೆಡ್ಡಿನಲ್ಲಿ ನನ್ನಂಥವನೇ ಒಬ್ಬ ಅರ (ಫೈಲು) ಹಾಕಿ ಮಾಡಿದ್ದು. ಅವನ ಅರದ ಗೀರು ಅವನಿಗೆ ತಿಳಿಯದೆ ಸಾಕ್ಷಿ ಹೇಳಿತು.

ದಾವಣಗೆರೆಯವರಿಗೆ ತುಂಗಾ ನೆನಪಿರಬೇಕು, ಜಿಲ್ಲಾ ಪೊಲೀಸರ ಡಾಬರ್‌ಮನ್ ನಾಯಿ. 2020ರ ಜುಲೈನಲ್ಲಿ ಸೂಳೆಕೆರೆ ಕಡೆ ಗುಂಡೇಟಿನಿಂದ ಒಬ್ಬ ಸತ್ತಾಗ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಜಾಡು ಹಿಡಿದದ್ದು ಅದು. ನಾಯಿ ಮನುಷ್ಯನವರೆಗೆ ಕರೆದೊಯ್ಯುತ್ತದೆ. ಈ ಗುಂಡು ಈ ಕೋವಿಯದೇ ಅಂತ ನ್ಯಾಯಾಲಯಕ್ಕೆ ಹೇಳುವುದು ಸೂಕ್ಷ್ಮದರ್ಶಕದ ಕೆಲಸ. ಆರೋಪಿಯ ಕೈಯ ಮೇಲೆ, ಅಂಗಿಯ ಮೇಲೆ ಹುಡುಕುವ ಸೀಸ, ಬೇರಿಯಂ, ಆಂಟಿಮನಿಯ ಕಣಗಳೂ ಆ ಕೇಪಿನ ಚಿಟಿಕೆ ಮದ್ದಿನಿಂದ ಬಂದವೇ.

ಇಷ್ಟು ಹೊಗಳಿದ ಮೇಲೆ ನನ್ನ ಕಸುಬಿನ ಒಂದು ಸಂಶಯವನ್ನೂ ಹೇಳಬೇಕು. ಒಂದೇ ಬ್ರೋಚಿನಿಂದ, ಅಂದರೆ ಸಾಲು ಹಲ್ಲಿನ ಕಡೆಯುವ ಟೂಲಿನಿಂದ, ಒಂದಾದ ಮೇಲೊಂದು ಎಳೆದ ಹತ್ತು ತುಂಡುಗಳನ್ನು ನಾನು ಗಾಜಿನಡಿ ನೋಡಿದ್ದೇನೆ. ಬ್ರೋಚಿನ ಹಲ್ಲಿನಲ್ಲಿ ಒಂದು ಚೂರು ಮುಕ್ಕಾಗಿದ್ದರೆ ಅದೇ ಗೀರು ಹತ್ತರಲ್ಲೂ ಇರುತ್ತದೆ. ಒಂದೇ ದಿನ ಕಾರ್ಖಾನೆಯಿಂದ ಹೊರಟ ಎರಡು ಹೊಸ ರೈಫಲುಗಳ ಮುಖ ಅವಳಿ ಮಕ್ಕಳ ಹಾಗೆ ಕಂಡರೆ ನನಗೆ ಆಶ್ಚರ್ಯವಾಗದು. ಅಮೆರಿಕದಲ್ಲಿ 2009ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ, 2016ರಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯ ವರದಿ, ಎರಡೂ ಈ ಹೋಲಿಕೆಯ ವಿದ್ಯೆಗೆ ಇನ್ನೂ ಗಟ್ಟಿ ಪರೀಕ್ಷೆ ಬೇಕು ಅಂದವು. ಸರಿಯಾದ ಮಾತು. ತಜ್ಞನ ಕಣ್ಣು ಬೇಕು, ಆ ಕಣ್ಣು ಎಷ್ಟು ಸಲ ತಪ್ಪುತ್ತದೆ ಅನ್ನುವ ಲೆಕ್ಕವೂ ಬೇಕು. ಹೊಸ ಕೋವಿಯ ಗೀರು ಹಾಗೇ ಉಳಿಯುವುದೂ ಇಲ್ಲ. ಗುಂಡು ಹಾರಿದಂತೆಲ್ಲ ಚೂಪಾದ ಅಂಚು ಸವೆಯುತ್ತದೆ, ತುಕ್ಕು ಹಿಡಿದರೆ ಹೊಸ ಗುರುತು ಸೇರುತ್ತದೆ. ಮೊದಲ ಹತ್ತು ಗುಂಡಿನದು ಹುಡುಗನ ಅಕ್ಷರ, ಸಾವಿರದ್ದು ಮುದುಕನ ಸಹಿ.

ಅಳಿಯಂದಿರು ಮರುದಿನವೇ ಹೊರಟರು. ಹೋಗುವಾಗ ಐದು ಕೇಸನ್ನೂ ಎಣಿಸಿ ಅವರ ಕೈಗೇ ಕೊಟ್ಟೆ. ನೆನಪಿಗೆ ಒಂದು ಇಟ್ಟುಕೊಳ್ಳಿ ಅಂದರು, ಒಲ್ಲೆ ಅಂದೆ. ಕೋವಿಗೆ ಸಂಬಂಧಪಟ್ಟ ಏನೇ ಆದರೂ ಕಾಗದಪತ್ರ ಇರುವವರ ಹತ್ತಿರ ಇರಬೇಕು, ಲೇಥಿನವನ ಷೋಕೇಸಿನಲ್ಲಲ್ಲ. ಪ್ರತಿ ಕೇಸಿಗೂ ಕಾಗದ ಸುತ್ತಿ ಒಂದರಿಂದ ಐದು ಅಂತ ಬರೆದು, ನಾನು ಅಳೆದ ಲೆಕ್ಕವನ್ನು ಒಂದು ಚೀಟಿಯಲ್ಲಿ ಕೊಟ್ಟಿದ್ದೆ.

ಮೂರು ವಾರದ ಮೇಲೆ ಫೋನು ಬಂತು. ಲೈಸೆನ್ಸ್ ಇರುವ ಕೋವಿ ರಿಪೇರಿಯವರು ಗೇಜು ಹಾಕಿ ನೋಡಿದ್ದರು. ಹೆಡ್‌ಸ್ಪೇಸ್ ಸರಿ ಇತ್ತು. ಪಿನ್ನಿನ ತೂತು ದೊಡ್ಡದು, ನಡುಮಧ್ಯದಲ್ಲಿಲ್ಲ, ಅಂಚಿಗೆ ಚೇಂಫರ್ ಬೇರೆ. ಮಾರಿದವರು ಮೊದಲು 'ತೋಟಾದ ದೋಷ' ಅಂದರಂತೆ. ನಂಬರ್ ಹಾಕಿದ ಐದೂ ಕೇಸು ಮೇಜಿನ ಮೇಲಿಟ್ಟು, ಐದರಲ್ಲೂ ಗುಳಿ ಒಂದೇ ಕಡೆಗೆ ಸರಿದದ್ದನ್ನು ತೋರಿಸಿದ ಮೇಲೆ ಮಾತು ಬದಲಾಯಿತು. ಬೋಲ್ಟು ಬದಲಿಸಿ ಕೊಟ್ಟರು. ಹೆಡ್‌ಸ್ಪೇಸನ್ನು ಹೊಸ ಬೋಲ್ಟಿನೊಂದಿಗೆ ಮತ್ತೆ ಅಳೆಸಿದಿರಾ ಅಂತ ಕೇಳಿದೆ. ಅಳೆಸಿದ್ದರು. ಆಮೇಲೆ ಹೊಡೆದ ಕೇಪಿನ ಫೋಟೊ ಕಳಿಸಿದ್ದರು. ಗುಳಿ ನಡುವೆ ಇತ್ತು, ಕಟ್ಟೆ ಇರಲಿಲ್ಲ, ಗೀರು ಮಾತ್ರ ತೆಳ್ಳಗೆ ಇತ್ತು.

ಹೊಸ ಕೋವಿ ಕೊಂಡವರು ಮೊದಲ ಹತ್ತು ಖಾಲಿ ತೋಟಾಗಳನ್ನು ಎಸೆಯಬೇಡಿ. ತಾರೀಖು, ಪೆಟ್ಟಿಗೆಯ ನಂಬರು ಬರೆದು ಒಂದು ಡಬ್ಬಿಯಲ್ಲಿಡಿ. ಜಗಳಕ್ಕೆ ಹೋಗಬೇಕಾಗಿ ಬಂದರೆ ಬಿಲ್ಲಿಗಿಂತ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.